ಪುರಾವೆಯಣ್ಣನ ಆಪರೇಷನ್ನೂ ನಮ್ಮೆಲ್ಲರ ಜಗಳವೂ

ಪ್ರೀತಿಯ ಪುರಾವೆಯಣ್ಣನವರಿಗೆ,

ಸ್ತೋತ್ರಮ್ಮನ ನಮಸ್ಕಾರಗಳು. ‘ಪ್ರೀತಿಯ’ ಎಂದು ಬರೆದದ್ದಕ್ಕೆ ಪುರಾವೆ ಕೇಳಬೇಡಿ. ಗಿರಾಕಿಯೊಬ್ಬರ ಕೋಟು ಇನ್ನೂ ತೋಳಿಲ್ಲದೆ ನನ್ನ ಮೇಜಿನ ಮೇಲೆ ಬಿದ್ದಿದೆ. ಅವರು ಆಗಲೇ ಎರಡು ಸಲ ಬಂದು ಮುಖ ಊದಿಸಿಕೊಂಡು ಹೋದರು. ನಾನು ಅದನ್ನು ಪಕ್ಕಕ್ಕೆ ತಳ್ಳಿ ನಿಮಗೆ ಬರೆಯುತ್ತಾ ಕೂತಿದ್ದೇನೆ. ಸದ್ಯಕ್ಕೆ ಇಷ್ಟು ಪುರಾವೆ ಸಾಕು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಫೋನಿನ ಆ ‘ದೇವರಿದ್ದಾನೆಯೇ?’ ಗುಂಪಿನಲ್ಲಿ ನಾನೊಂದು ಸತ್ಯವೇದದ ವಾಕ್ಯ ಹಾಕಿದರೆ ಸಾಕು, ನನ್ನ ಟೀ ಆರುವ ಮೊದಲೇ ನೀವು ‘ಪುರಾವೆ ಎಲ್ಲಿ?’ ಎಂದು ಹಾಜರ್. ನಮ್ಮ ಕ್ರೈಸ್ತರೆಲ್ಲ ಸೇರಿ ನಿಮಗೆ ಅದನ್ನೇ ಹೆಸರಿಟ್ಟರು. ನಾನು ಮಾತೆತ್ತಿದರೆ ‘ದೇವರಿಗೆ ಸ್ತೋತ್ರ’ ಎನ್ನುತ್ತೇನೆಂದು ನಿಮ್ಮ ನಾಸ್ತಿಕರ ಪಡೆ ನನ್ನನ್ನು ಸ್ತೋತ್ರಮ್ಮ ಮಾಡಿತು. ನಮ್ಮ ಯಜಮಾನರಂತೂ ಒಂದು ದಿನ ಕೇಳಿಯೇಬಿಟ್ಟರು: ‘ನನ್ ಹತ್ರ ಯಾವತ್ತಾದ್ರೂ ಇಷ್ಟು ಮಾತಾಡಿದೀಯಾ?’ ನಾನೆಂದೆ: ‘ನೀವು ಯಾವತ್ತಾದ್ರೂ ಇಷ್ಟುದ್ದ ಉತ್ತರ ಕೊಟ್ಟಿದೀರಾ?’ ಅವರು ಪೇಪರ್ ತೆಗೆದು ಮುಖಕ್ಕೆ ಅಡ್ಡ ಹಿಡಿದರು.

ಪ್ರಳಯದಲ್ಲಿ ಪ್ರಾಣಿಗಳನ್ನೆಲ್ಲ ಹತ್ತಿಸಿಕೊಂಡ ನೋಹನ ನಾವೆಯಲ್ಲಿ ಆನೆಗಳಿಗೆ ಮೇವು ಎಲ್ಲಿಟ್ಟಿದ್ದರು ಎಂದು ನೀವು ನನ್ನ ಜೀವ ತಿನ್ನುತ್ತಿದ್ದ ದಿನ ನೆನಪಿದೆಯೇ? ಅವತ್ತೇ ನನ್ನ ಮಿಷಿನ್ನು ಹೊಲಿಗೆ ಬಿಟ್ಟು ಬಿಟ್ಟು ಓಡುತ್ತಿತ್ತು. ಸಿಟ್ಟಿನಲ್ಲಿ ಅದನ್ನೂ ಬರೆದುಬಿಟ್ಟೆ. ನೀವು ಹೊಲಿಗೆ ಮಿಷಿನ್ ರಿಪೇರಿಯವರೆಂದು ನಾನೇನು ಕನಸು ಕಂಡಿದ್ದೆನೇ! ‘ಸೂಜಿ ಉಲ್ಟಾ ಹಾಕಿದೀರಿ, ಚಪ್ಪಟೆ ಕಡೆ ಹಿಂದಕ್ಕೆ ಬರ್ಲಿ. ಈಗ ಹೇಳಿ, ಮೇವು ಎಲ್ಲಿತ್ತು?’ ಎಂದಿರಿ. ಹೊಲಿಗೆ ಸರಿಹೋಯಿತು. ಮೇವಿನ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ. ಮುಂದೆ ಮಿಷಿನ್ನಿನ ಬಾಬಿನ್ ಕೇಸ್ ಸವೆದಾಗ ನನ್ನ ವಿಳಾಸ ಕೇಳಿ ನೀವೇ ಹೊಸದು ಕಳಿಸಿದಿರಿ. ಡಬ್ಬಿಯ ಮೇಲೆ ‘ಇದು ಪವಾಡ ಅಲ್ಲ, ಅಂಚೆ’ ಎಂದು ಬರೆದಿತ್ತು. ಅದರ ಮೇಲಿದ್ದ ಅಂಗಡಿಯ ವಿಳಾಸಕ್ಕೇ ಈಗ ಈ ಪತ್ರ ಹಾಕುತ್ತಿದ್ದೇನೆ.

ಆಮೇಲೆ ನೀವು ಗುಂಪಿನಲ್ಲಿ ಆ ಒಂದು ಸಾಲು ಬರೆದಿರಿ: ‘ನಾಳೆ ಆಪರೇಷನ್ ಇದೆ, ಸ್ವಲ್ಪ ದಿನ ಸಿಗಲ್ಲ.’ ಅಷ್ಟೇ. ನಮ್ಮವರು ಒಬ್ಬರ ಹಿಂದೊಬ್ಬರು ‘ಪ್ರಾರ್ಥಿಸುತ್ತೇವೆ’ ಎಂದರು. ನಿಮ್ಮವರು ‘ನಾಸ್ತಿಕನಿಗೆ ಪ್ರಾರ್ಥನೆ ಮಾಡುವುದು ಅವಮಾನ’ ಎಂದು ಮೈಮೇಲೇರಿ ಬಂದರು. ನಮ್ಮ ಕಡೆಯ ಒಬ್ಬರು ನರಕದ ಉಷ್ಣತೆ ಹೇಳಿದರು. ನಿಮ್ಮ ಕಡೆಯ ಒಬ್ಬರು ಅದನ್ನು ಯಾವ ಥರ್ಮಾಮೀಟರಿನಲ್ಲಿ ಅಳೆದಿರಿ ಎಂದರು. ನಿಮ್ಮ ಸಾಲಿನ ಕೆಳಗೆ ನಿಮ್ಮನ್ನು ಬಿಟ್ಟು ಎಲ್ಲದರ ಬಗ್ಗೆಯೂ ಜಗಳ ನಡೆಯಿತು.

ಆ ಗದ್ದಲದ ನಡುವೆ ನಾನು ಕೇಳಿದೆ: ‘ಅಣ್ಣಾ, ಏನ್ ಆಪರೇಷನ್ನು? ಜೊತೆಗೆ ಯಾರಿದಾರೆ?’

ಮರುಕ್ಷಣ ಅದು ಮಾಯ. ವಿಷಯಾಂತರವಂತೆ! ಚರ್ಚೆಗೆ ಸಂಬಂಧವಿಲ್ಲದ ಮಾತಿನ ಮೇಲೆ ಮೂವರು ದೂರಿದರೆ ಅದು ತಾನಾಗಿ ಅಳಿಸಿಹೋಗಬೇಕೆಂಬ ನಿಯಮವನ್ನು ಹಟ ಹಿಡಿದು ಮಾಡಿಸಿದವರು ನೀವೇ ತಾನೇ? ಮತ್ತೆ ಬರೆದೆ, ಮತ್ತೆ ಅಳಿಸಿಹೋಯಿತು. ಆಸ್ತಿಕರೂ ನಾಸ್ತಿಕರೂ ಒಟ್ಟಾಗಿ ಒಪ್ಪಿಕೊಂಡ ಸಂಗತಿ ಆ ಗುಂಪಿನಲ್ಲಿ ಇದೊಂದೇ. ಬೆಳಿಗ್ಗೆ ನೋಡಿದರೆ ನೀವು ಗುಂಪು ಬಿಟ್ಟು ಹೋಗಿದ್ದಿರಿ. ಅಲ್ಲಿ ಯಾರ ನಿಜವಾದ ಹೆಸರೂ ನಂಬರೂ ಕಾಣುವುದಿಲ್ಲ, ಫೋನು ಮಾಡುವಂತೆಯೂ ಇಲ್ಲ. ಇಷ್ಟು ಜನರಲ್ಲಿ ಒಬ್ಬರೂ ಏನಾಗಿದೆ ಎಂದು ಕೇಳಲಿಲ್ಲವಲ್ಲ ಅಂದುಕೊಂಡೇ ಹೋದಿರೇನೋ. ನನಗೆ ಕೂತರೆ ನಿಂತರೆ ಅದೇ ಸಂಕಟ. ಕೇಳಿದ್ದೆ ಅಣ್ಣಾ. ಅಳಿಸಿದರು.

ನಿಮಗೆ ಬೇಡವೆಂದು ಗೊತ್ತಿದ್ದೂ ಪ್ರಾರ್ಥನೆ ಮಾಡಿದೆ. ಮೊಣಕಾಲೂರಿ ‘ಕರ್ತನೇ, ಆ…’ ಎಂದವಳು ಅಲ್ಲೇ ನಿಂತೆ. ನಿಮ್ಮ ಹೆಸರೇ ನನಗೆ ಗೊತ್ತಿಲ್ಲ! ಕೊನೆಗೆ ‘ನೀನು ಇಲ್ವೇ ಇಲ್ಲ ಅಂತಾರಲ್ಲ, ಮಿಷಿನ್ ರಿಪೇರಿಯವರು, ಅವರೇ’ ಎಂದು ಗುರುತು ಹೇಳಿದೆ. ನನ್ನ ಬೆನ್ನ ಹಿಂದೆ ಯಜಮಾನರು ಕಿಸಕ್ಕನೆ ನಕ್ಕರು. ಆಮೇಲೆ ತಾವೂ ಬಂದು ಪಕ್ಕದಲ್ಲಿ ಮೊಣಕಾಲೂರಿದರು.

ನಿಮ್ಮನ್ನು ಒಪ್ಪಿಸಲು ಇದನ್ನು ಬರೆಯುತ್ತಿಲ್ಲ. ಗುಣವಾಗಿದ್ದರೆ ಶ್ರೇಯಸ್ಸೆಲ್ಲ ಡಾಕ್ಟರಿಗೇ ಸಲ್ಲಲಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಹೇಗಿದ್ದೀರಿ ಎಂಬುದೊಂದು ತಿಳಿದರೆ ಸಾಕು. ಉದ್ದ ಬರೆಯುವ ತ್ರಾಣವಿಲ್ಲದಿದ್ದರೆ ಬೇಡ. ಒಂದು ಕಾರ್ಡಿನ ಮೇಲೆ ‘ದೇವರಿಲ್ಲ’ ಎಂದಷ್ಟೇ ನಿಮ್ಮ ಕೈಯಾರೆ ಬರೆದು ಹಾಕಿ. ಅದನ್ನು ಓದಿ, ನಿಂತಲ್ಲೇ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಡಾಕ್ಟರು ನಿಮ್ಮನ್ನು ಕಾಪಾಡಲಿ. ಡಾಕ್ಟರನ್ನು ಯಾರು ಕಾಪಾಡಬೇಕೆಂದು ನೀವು ಎದ್ದು ಓಡಾಡುವಂತಾದ ಮೇಲೆ ಜಗಳವಾಡೋಣ.

ಇಂತಿ, ನಿಮ್ಮ ಕಾಯಂ ಎದುರಾಳಿ ತಂಗಿ,
ಸ್ತೋತ್ರಮ್ಮ