ಮೂರನೆಯ ತಿರುವಿನಲ್ಲಿ ನನ್ನ ಕೈ

ಗಾಲ್ವೇ, ಭಾನುವಾರ

ಪ್ರೀತಿಯ ಚಾಮರಾಜ ಅಂಕಲ್,

ನಿಮ್ಮ ಮನೆಯ ಮೇಲಿನ ಸಣ್ಣ ರೂಮಿನಲ್ಲಿ ಬಾಡಿಗೆಗಿದ್ದ ಒಂದು ವರ್ಷದಲ್ಲಿ ನಾನು ಆಡಿದ ಒಟ್ಟು ಮಾತಿಗಿಂತ ಈ ಕಾಗದವೇ ಉದ್ದವಾಗಬಹುದು. ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ನಿಮ್ಮ ಅಳಿಯ ಅಶ್ವಿನ್ ಅಣ್ಣ ಫೋನಿನಲ್ಲಿ ಏನೋ ಹೇಳುತ್ತಾ, "ಮಾವ ಡ್ರೈವಿಂಗ್ ಟೆಸ್ಟ್ ಕ್ಯಾನ್ಸಲ್ ಮಾಡಿಸ್ಬಿಟ್ರು ನೂರೀನ್, ಒಳ್ಳೇದೇ ಆಯ್ತು ಬಿಡು" ಅಂದರು. ನಾನು ಎಂದಿನಂತೆ "ಹೂಂ" ಅಂದೆ. ಡಬ್ಲಿನ್‌ನ ಆ ಕ್ಯಾಸಲ್‌ನಾಕ್ ಮನೆಯ ಅಡುಗೆಮನೆಯಲ್ಲಿ ಥಿಯರಿ ಟೆಸ್ಟಿನ ಪ್ರಶ್ನೆಗಳನ್ನು ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡು, ಅರವತ್ತನಾಲ್ಕನೇ ವಯಸ್ಸಿನಲ್ಲಿ ನೀವು ಬಾಯಿಪಾಠ ಮಾಡಿದಿರಿ. ಮೂವತ್ತು ವರ್ಷ ಸಂಡೂರಿನ ಗಣಿಗುಡ್ಡಗಳಲ್ಲಿ ಜೀಪು ಓಡಿಸಿದವರು, "ಇಲ್ಲಿ ಒಂದು ಕಟ್ಟು ಕೊತ್ತಂಬರಿ ತರೋಕೂ ಮಗಳ ಮುಖ ನೋಡ್ಬೇಕು ಕಣಮ್ಮ" ಅನ್ನುತ್ತಿದ್ದಿರಿ. ನಗುತ್ತಲೇ ಅನ್ನುತ್ತಿದ್ದಿರಿ. ಆದರೂ ಆ ಲೈಸೆನ್ಸ್ ನಿಮಗೆ ಏನು ಎಂಬುದು ನನಗೆ ಗೊತ್ತಿತ್ತು.

ಅಕ್ಟೋಬರ್ ರಜೆಗೆ ಮೊರಾಕೊಗೆ ಹೊರಟಾಗ ನಿಮ್ಮ ಮಗಳು ಶ್ರೀಲಕ್ಷ್ಮಿ ಅಕ್ಕ ನನ್ನನ್ನೂ ಮನೆಯವಳಂತೆ ಕರೆದುಕೊಂಡರು. ಡಬ್ಲಿನ್‌ನಲ್ಲಿ ನಡೆಯದ ನಿಮ್ಮ ಊರಿನ ಲೈಸೆನ್ಸ್ ಅಲ್ಲಿ ನಡೆಯುತ್ತಿತ್ತು. ಬಾಡಿಗೆ ಜೀಪಿನ ಸ್ಟೀರಿಂಗ್ ಹಿಡಿದ ಕೂಡಲೇ ನಿಮ್ಮ ಬೆನ್ನು ನೆಟ್ಟಗಾಯಿತು. ಡಾಂಬರು ಮುಗಿದಲ್ಲಿ ಇಳಿದು ನಾಲ್ಕೂ ಟೈರಿನ ಗಾಳಿ ಸ್ವಲ್ಪ ಬಿಟ್ಟಿರಿ. "ಟೈರು ಮೆತ್ತಗಿದ್ರೆ ಕಲ್ಲನ್ನ ತಬ್ಕೊಳ್ಳುತ್ತೆ. ಗಟ್ಟಿಯಾಗಿದ್ರೆ ಜಗಳಕ್ಕೆ ನಿಲ್ಲುತ್ತೆ." ಆಮೇಲೆ ಒಣಗಿದ ಹೊಳೆಯ ಪಾತ್ರ, ಉಂಡೆಕಲ್ಲು, ಒಂದು ಎಲೆಯೂ ಇಲ್ಲದ ಇಟ್ಟಿಗೆ ಬಣ್ಣದ ಬೆಟ್ಟಗಳು. ಅಶ್ವಿನ್ ಅಣ್ಣ "ಮಾವ, ಮೆಲ್ಲಗೆ, ಇನ್ಶೂರೆನ್ಸ್ ನನ್ನ ಹೆಸರಲ್ಲಿದೆ" ಅನ್ನುತ್ತಿದ್ದರೆ, ಒಂಬತ್ತು ವರ್ಷದ ಕೃತಿ ಹಿಂದಿನ ಸೀಟಿನಿಂದ ತನ್ನ ಡಬ್ಲಿನ್ ಇಂಗ್ಲಿಷಿನಲ್ಲಿ "ಯು ಆರ್ ಗ್ರ್ಯಾಂಡ್, ತಾತಾ!" ಎಂದು ಕೂಗುತ್ತಿದ್ದಳು. "ಬರೀ ಗ್ರ್ಯಾಂಡಾ? ಸಂಡೂರಲ್ಲಿ ನೋಡ್ಬೇಕಿತ್ತು ಕಣೇ ನಿಮ್ಮ ತಾತನ್ನ!" ನಿಮ್ಮನ್ನು ಅಷ್ಟು ಜೋರು ದನಿಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಏರು ಶುರುವಾಯಿತು. ತಿರುವುಗಳು ಎಷ್ಟು ಕಿರಿದೆಂದರೆ ಜೀಪನ್ನು ಹಿಂದೆಮುಂದೆ ಮಾಡದೆ ತಿರುಗಿಸುವಂತಿರಲಿಲ್ಲ. ಗಣಿಯಲ್ಲಿ ಇಂಥ ಕಡೆ ಒಬ್ಬರು ಇಳಿದು ಕೈ ತೋರಿಸಬೇಕು, ಡ್ರೈವರ್ ಕನ್ನಡಿಯಲ್ಲಿ ಆ ಕೈಯನ್ನೇ ನೋಡಬೇಕು ಎಂದಿರಿ. ಆ ಕೆಲಸಕ್ಕೆ ನನ್ನನ್ನೇ ಆರಿಸಿದಿರಿ. "ನೀನು ಮಾತಾಡಲ್ಲ, ಆದ್ರೆ ಎಲ್ಲಾ ನೋಡ್ತೀಯ. ಇದಕ್ಕೆ ಬಾಯಿ ಬೇಡ, ಕಣ್ಣು ಸಾಕು. ಅನುಮಾನ ಬಂದ್ರೆ ಎರಡೂ ಕೈ ಎತ್ತು, ನಿಲ್ಲಿಸ್ತೀನಿ. ನಾಚ್ಕೋಬೇಡ."

ಎರಡು ತಿರುವು ಸರಿಯಾಗಿ ತೋರಿಸಿದೆ. ಮೂರನೆಯದರಲ್ಲಿ, ಕೆಳಗೆ ಕಣಿವೆಯಲ್ಲಿ ಯಾರೋ ಹೆಂಗಸು ಮೇಕೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದಳು. ಅವಳ ನೀಲಿ ಹೊದಿಕೆಯೊಂದೇ ಆ ಬೆಟ್ಟಕ್ಕೆಲ್ಲ ಬಣ್ಣ. ಅದನ್ನು ಹೇಗೆ ಬರೆಯಬಹುದು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಾ ನಿಂತೆ, ಅಂಕಲ್. ನನ್ನ ಕೈ ಮಾತ್ರ ತನ್ನ ಪಾಡಿಗೆ ಬಾ, ಬಾ ಎಂದು ಕರೆಯುತ್ತಲೇ ಇತ್ತು. ನೀವು ಅದನ್ನು ನಂಬಿ ಬಂದಿರಿ.

ಹಿಂದಿನ ಚಕ್ರ ಅಂಚು ದಾಟಿತು. ಜೀಪಿನ ಹೊಟ್ಟೆ ಬಂಡೆಗೆ ಬಡಿದು ನಿಂತಿದ್ದರಿಂದ ಎಲ್ಲರೂ ಉಳಿದಿರಿ. ಕೃತಿಯ ಹಣೆ ಕಿಟಕಿಗೆ ಬಡಿದು ರಕ್ತ ಬಂತು. ಆಮೇಲೆ ಮೂರು ಹೊಲಿಗೆ ಬಿತ್ತು. ಅಕ್ಕ ಹಿಂತಿರುಗಿ ನೋಡುವ ವೇಳೆಗೆ, ತಡವಾಗಿ ಎತ್ತಿದ ನನ್ನ ಎರಡೂ ಕೈ ಮೇಲಿದ್ದವು. ಅವರಿಗೆ ಕಂಡದ್ದು ಅಷ್ಟೇ. "ಅಪ್ಪಾ, ಕಣ್ಣು ಕಾಣ್ಸಲ್ವಾ ನಿಮ್ಗೆ? ಅವಳು ನಿಲ್ಸಿ ಅಂತ ಕೈ ಎತ್ತಿದಾಳಲ್ಲ!"

ನೀವು ನನ್ನ ಕಡೆ ಒಮ್ಮೆ ನೋಡಿದಿರಿ. ಬೈಯುವ ನೋಟವಲ್ಲ. ನಾನು ಹೇಳಲೆಂದು ಕಾದಿರಿ ಅಂತ ಈಗ ಅನ್ನಿಸುತ್ತದೆ. ನಾನು ಹೇಳಲಿಲ್ಲ. ಆಗ ನೀವು, "ಹೌದಮ್ಮ, ನಂದೇ ತಪ್ಪು. ಬಿಸಿಲಿಗೆ ಕಣ್ಣು ಮಂಜಾಯ್ತು" ಎಂದು ಮಗಳ ಕೈಗೆ ಕೀ ಕೊಟ್ಟಿರಿ.

ನಾಚಿಕೆಯಿಂದ ಸುಮ್ಮನಿದ್ದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಡಬ್ಲಿನ್‌ನಲ್ಲಿ ಆ ರೂಮು ಹೋದರೆ ಇನ್ನೊಂದು ಸಿಗುವುದಿಲ್ಲ ಎಂಬ ಹೆದರಿಕೆ. ಮಗುವಿನ ಹಣೆಯಲ್ಲಿ ರಕ್ತ ಸೋರುವಾಗ ನನಗೆ ಹೊಳೆದದ್ದು ಬಾಡಿಗೆ ಮನೆ ನೋಡಲು ಜನ ನಿಲ್ಲುವ ಕ್ಯೂ. ಆಮೇಲೆ ಅಕ್ಕ, ಅಣ್ಣ ನಿಮ್ಮನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ಕಣ್ಣು ಚೆನ್ನಾಗಿದೆ ಎಂದರೂ ಯಾರೂ ನಂಬಲಿಲ್ಲ. ಮನೆಯಲ್ಲಿ ಆ ಮಾತು ನಡೆದಾಗಲೂ ನಾನು ಪಕ್ಕದ ಕೋಣೆಯಲ್ಲೇ ಇದ್ದೆ.

ಗಾಲ್ವೇಯಲ್ಲಿ ಬೇರೆ ರೂಮು ಸಿಕ್ಕಿದ ಮೇಲಷ್ಟೇ ನನಗೆ ಬಾಯಿ ಬಂದಿದೆ ಎಂಬುದೂ ಗೊತ್ತು. ಇಂದು ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, "ಅಪ್ಪಂಗೆ ಗೊತ್ತಿತ್ತಾ?" ಎಂದು ಕೇಳಿದರು. ಗೊತ್ತಿತ್ತು ಅಂದೆ. ಫೋನ್ ಇಟ್ಟುಬಿಟ್ಟರು.

ಅವರು ನಿಮ್ಮನ್ನು ಕೇಳುತ್ತಾರೆ. ನೀವು "ಪಾಪ, ಆ ಹುಡುಗಿ ನಂಗೋಸ್ಕರ ಸುಳ್ಳು ಹೇಳ್ತಿದೆ" ಎಂದುಬಿಡುತ್ತೀರಿ, ನನಗೆ ಗೊತ್ತು. ಕೈಮುಗಿದು ಕೇಳುತ್ತೇನೆ, ಈ ಸಲ ನನ್ನನ್ನು ಕಾಪಾಡಬೇಡಿ.

ದೇವರು ನಿಮ್ಮ ಕಣ್ಣನ್ನು, ಕಾಲನ್ನು, ಕೃತಿಯ ಜೊತೆಗಿನ ಆ ಜೋರು ದನಿಯನ್ನು ಚೆನ್ನಾಗಿಟ್ಟಿರಲಿ. ನನ್ನನ್ನು ಕ್ಷಮಿಸದಿದ್ದರೂ ಟೆಸ್ಟಿಗೆ ಮತ್ತೆ ಅರ್ಜಿ ಹಾಕಿ.

ನೀವು ನಂಬಿದ್ದ,
ನೂರೀನ್