ಆಲೂಗಡ್ಡೆಗೆ ಚುಚ್ಚಿದ ನಾಲ್ಕು ಕಡ್ಡಿ

ಹೂಡಿ,
೧೪ ಆಗಸ್ಟ್ ೨೦೨೫

ಲಿಖಿತಾಳ ಅಪ್ಪನಿಗೆ,

ಆರೋಗ್ಯವಾಗಿದ್ದೀರಾ? ಗುಜರಾತಿನ ಕ್ಯಾಂಟೀನಿನ ಸಿಹಿ ಸಿಹಿ ಬೇಳೆ ಈಗಲಾದರೂ ನಾಲಿಗೆಗೆ ಒಗ್ಗಿತಾ? ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀರಾ? ಇಷ್ಟು ಹೆಂಡತಿ ಕೇಳಬೇಕಾದದ್ದು, ಕೇಳಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡಿ. ಮಂಗಳವಾರ ಹೇಳಲು ಬಾಯಿ ತೆರೆದೆ. "ಅತ್ತೆ ಸೌಟು ಕಾಯಿಸಿ" ಅನ್ನುವಷ್ಟರಲ್ಲಿ ನೀವು ನಕ್ಕಿರಿ. "ಚಿಕ್ಕ ವಿಷ್ಯ ಕಣೇ, ದೊಡ್ಡದು ಮಾಡ್ಬೇಡ. ನಮ್ ಔಷಧಿ ಪ್ಲಾಂಟಲ್ಲೂ ಎಡದ ಅಣು ತೆಗೆದು ಬಲದ್ದನ್ನೇ ಇಟ್ಕೊಳ್ತೀವಲ್ಲ" ಎಂದು ಫೋನ್ ಇಟ್ಟೇಬಿಟ್ಟಿರಿ. ಎಂಥ ತಮಾಷೆ! ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ವರಮಹಾಲಕ್ಷ್ಮಿ ಹಬ್ಬದ ಸಂಜೆ ನಮ್ಮ ಕಟ್ಟಡದಲ್ಲಿ ಬಾಡಿಗೆಗಿರುವ ಹೆಂಗಸರನ್ನೆಲ್ಲ ಕರೆದು ತಾಂಬೂಲ ಕೊಡುವುದು ನಿಮ್ಮಮ್ಮನ ಪದ್ಧತಿ. ಹೊಲ ಹೋಗಿ ನಾಲ್ಕು ಅಂತಸ್ತು ಎದ್ದರೂ ಗೌಡತಿ ಗೌಡತಿಯೇ ಎಂದು ತೋರಿಸಬೇಕಲ್ಲ. ಈ ಸಲ ಹಸಿರು ಲಂಗ ಉಟ್ಟ ಮಗಳ ಕೈಗೆ ತಟ್ಟೆ ಕೊಟ್ಟರು. ಅವಳೋ ಹುಟ್ಟಾ ಎಡಚಿ. ಮೂರನೇ ಮಹಡಿಯ ಗೌರಮ್ಮನಿಗೆ ಎಲೆ ಅಡಿಕೆಯನ್ನು ಎಡಗೈಯಲ್ಲೇ ಚಾಚಿದಳು. ಆ ಪುಣ್ಯಾತ್ಗಿತ್ತಿ ಕಣ್ಣಿಗೊತ್ತಿಕೊಂಡು "ಮಾಲಕ್ಷ್ಮಿನೇ ಕೊಟ್ಟಂಗಾಯ್ತು ಬಿಡಮ್ಮ" ಅಂದರು. ಹಿಂದೆ ಯಾರೋ ಕಿಸಕ್ಕೆಂದರು. ನಿಮ್ಮಮ್ಮ ಎಲ್ಲರೂ ಹೋಗುವವರೆಗೆ ನಗುತ್ತಲೇ ಇದ್ದರು. ಆ ನಗು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಸೋಮವಾರ ಸಂಜೆ ನಾನು ಕೆಳಗೆ ಪಿಯುಸಿ ಮಕ್ಕಳಿಗೆ ಟ್ಯೂಷನ್ ಮಾಡುತ್ತಿದ್ದೆ. ಪಾಠ ಯಾವುದು ಅಂತೀರಿ? ಮದುವೆಯಾದ ಹೊಸದರಲ್ಲಿ ತಾರಸಿಯ ಮೇಲೆ ನೀವು ನನ್ನ ಅಂಗೈ ಹಿಡಿದು ವಿವರಿಸಿದ್ದೇ. ಎರಡು ಕೈಗೂ ಅವೇ ಐದು ಬೆರಳು, ಅದೇ ಜೋಡಣೆ, ಆದರೆ ಒಂದರ ಮೇಲೊಂದು ಇಟ್ಟರೆ ಹೊಂದುವುದಿಲ್ಲ, ಒಂದು ಇನ್ನೊಂದರ ಕನ್ನಡಿ ಬಿಂಬ. ಅಣುಗಳಲ್ಲೂ ಹಾಗೆಯೇ. ಹಲಗೆಯ ಮೇಲೆ ನಾವು ಇಂಗಾಲವನ್ನು ಚಪ್ಪಟೆಯಾಗಿ ಬರೆಯುವುದು ಬರೀ ಸುಳ್ಳು, ಅದು ಮೂರು ಕಾಲು ಊರಿ ಒಂದು ಕೈ ಮೇಲೆತ್ತಿ ನಿಂತಿರುತ್ತದೆ. ಆ ನಾಲ್ಕು ತುದಿಗೆ ನಾಲ್ಕು ಬೇರೆ ಬೇರೆ ಗುಂಪು ಸೇರಿದರೆ ಎರಡು ರೂಪ ಹುಟ್ಟುತ್ತವೆ, ಒಂದು ಎಡ, ಒಂದು ಬಲ. ತೂಕ ಒಂದೇ, ಕರಗುವ ಬಿಸಿ ಒಂದೇ. ಪುದೀನದ ಘಮ ಕೊಡುವ ಅಣುವಿನ ಕನ್ನಡಿ ಬಿಂಬವೇ ಸಬ್ಬಸಿಗೆ ಬೀಜದ ಘಮ ಕೊಡುತ್ತದೆ ಎಂದಾಗ ಹುಡುಗರು "ಸಕ್ಕತ್ ಮೇಡಂ" ಅಂದರು. ಅಷ್ಟರಲ್ಲಿ ಮೇಲಿನಿಂದ ಮಗಳು ಚೀರಿದ್ದು ಕೇಳಿಸಿತು.

ಓಡಿದೆ. ಅವಳ ಎಡಗೈ ಮಣಿಕಟ್ಟಿನ ಮೇಲೆ ಸೌಟಿನ ಅಂಚು ಕೆಂಪಗೆ ಮೂಡಿತ್ತು. ಊಟದ ತಟ್ಟೆಗೆ ಎಡಗೈ ಹಾಕಿದಳಂತೆ. ನಾನು ತಣ್ಣೀರು ಸುರಿಯುತ್ತ ಅಳುತ್ತಿದ್ದರೆ ನಿಮ್ಮಮ್ಮ ಸೌಟನ್ನು ತೊಳೆದು ಬೋರಲು ಹಾಕಿ ಹೇಳಿದರು: "ಅದ್ಯಾಕಂಗ್ ಅಳ್ತೀಯಾ? ನನ್ ಮಗನ್ಗೂ ಇಂಗೇ ಬರೆ ಆಕಿದ್ದೆ, ನಾಕೇ ದಿನಕ್ಕೆ ಬಲಗೈ ಪಳಗ್ತು. ಈಗ ನೋಡು, ರಾಜ ಇದ್ದಂಗವ್ನೆ!"

ಪಟಾಕಿ ಸಿಡಿದದ್ದು ಅಂದಿದ್ದಿರಲ್ಲ, ವಸಂತ್? ನಿಮ್ಮ ಮಣಿಕಟ್ಟಿನ ಆ ಕಲೆಯನ್ನು ಎಷ್ಟೋ ಸಲ ಸವರಿದ್ದೇನೆ, ಪ್ರತಿ ದೀಪಾವಳಿಗೂ ಮಗಳನ್ನು ಪಟಾಕಿಯಿಂದ ದೂರ ಹಿಡಿದಿದ್ದೇನೆ. ಯಾರೂ ಇಲ್ಲದಾಗ ನೀವು ಎಡಗೈಯಲ್ಲಿ ಕಾಫಿ ಲೋಟ ಎತ್ತುವುದೂ, ಅಮ್ಮನ ಬಳೆಯ ಸದ್ದಾದರೆ ಕೈ ಬದಲಿಸುವುದೂ ಈಗ ಅರ್ಥವಾಗುತ್ತಿದೆ. ನಿಮ್ಮ ಬಗ್ಗೆ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಉರಿ ಏನೆಂದು ಗೊತ್ತಿದ್ದೂ ಮಂಗಳವಾರ ನಕ್ಕಿರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ. ತನಗೆ ಬಿದ್ದ ಬರೆ ಮಗಳಿಗೂ ಬೀಳಲಿ ಎಂದು ಬಿಡುವ ಅಪ್ಪ ಇರುತ್ತಾನಾ?

ಪ್ಲಾಂಟಿನ ಮಾತು ಆಡಿದಿರಿ, ಅದಕ್ಕೂ ಉತ್ತರ ಕೊಡುತ್ತೇನೆ. ಎಡದ ಅಣುವಿನಲ್ಲಿ ಯಾವ ದೋಷವೂ ಇಲ್ಲವೆಂದು ಹೇಳಿಕೊಟ್ಟವರು ನೀವೇ. ಬಲಗೈಗೆ ಹೊಲಿದ ಗ್ಲೌಸಿಗೆ ಎಡಗೈ ತೂರಿಸಿದಾಗ ಮಾತ್ರ ಅದು ಹಿಡಿಸುವುದಿಲ್ಲ. ಔಷಧಿಯ ವಿಷಯದಲ್ಲಿ ಆ ಗ್ಲೌಸು ಮನುಷ್ಯನ ದೇಹ, ಅದನ್ನು ಬದಲಿಸಲು ನಮ್ಮಿಂದ ಆಗದು. ನಮ್ಮ ಮನೆಯ ಗ್ಲೌಸು ಹೊಲಿದವರು ಯಾರು? ಹೊಲಿಗೆ ಬಿಚ್ಚಿದರೆ ಯಾರ ಗಂಟು ಹೋಗುತ್ತದೆ?

ನಿನ್ನೆ ಮಗಳು ಬ್ಯಾಂಡೇಜು ಕಟ್ಟಿದ ಕೈಯಲ್ಲೇ ನನ್ನ ಪಕ್ಕ ಕೂತು ಎರಡು ಆಲೂಗಡ್ಡೆಗೆ ನಾಲ್ಕು ನಾಲ್ಕು ಪೊರಕೆ ಕಡ್ಡಿ ಚುಚ್ಚಿದಳು. ತುದಿಗೆ ನೆನೆಸಿದ ಅವರೆಕಾಳು, ಬಟಾಣಿ, ಕಡಲೆಕಾಳು, ಅಲಸಂದೆ. ಒಂದು ಎಡದ್ದು, ಒಂದು ಬಲದ್ದು. ಎಡದ್ದನ್ನು ಬಲ ಮಾಡು ನೋಡೋಣ ಅಂದೆ. ತಿರುಗಿಸಿದಳು, ಮಗುಚಿದಳು, ತಲೆಕೆಳಗೆ ಮಾಡಿದಳು. ಕೊನೆಗೆ ಎರಡು ಕಡ್ಡಿ ಕಿತ್ತು ಅದಲು ಬದಲು ಚುಚ್ಚಿ, "ಕೀಳ್ದೆ ಆಗಲ್ಲಮ್ಮಾ" ಅಂದಳು. ಎಂಟು ವರ್ಷದ ಮಗು ಕಣ್ರೀ. ಪುಸ್ತಕ ಹೇಳುವುದೂ ಅದನ್ನೇ, ಏನನ್ನಾದರೂ ಮುರಿಯದೆ ಎಡವನ್ನು ಬಲ ಮಾಡಲಾಗದು. ನಿಮ್ಮಲ್ಲಿ ಮುರಿದದ್ದು ಏನೆಂದು ನನಗೆ ತಿಳಿಯದು. ಅಮ್ಮನೆದುರು ಬಾಯೇ ಬಾರದ ಗಂಡಸನ್ನು ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಅಷ್ಟು ಗೊತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಎರಡೂ ಕೈ ಚೆನ್ನಾಗಿರಲಿ.

ಸೌಮ್ಯ

ಮರೆತಿದ್ದೆ: ನಾಳೆ ಬೆಳಗಿನ ಮೆಟ್ರೋಗೆ ಮಗಳನ್ನು ಕರೆದುಕೊಂಡು ನಾಗಸಂದ್ರದ ನಮ್ಮಮ್ಮನ ಮನೆಗೆ ಹೋಗುತ್ತಿದ್ದೇನೆ. ಆ ಸೌಟು ಇರುವ ಅಡುಗೆಮನೆಗೆ ಅವಳು ಮತ್ತೆ ಕಾಲಿಡುವುದಿಲ್ಲ. ಕೆಳಗಿನ ಟ್ಯೂಷನ್ ಕೋಣೆಯ ಬೀಗದ ಕೈ ಗೌರಮ್ಮನ ಹತ್ತಿರ ಇದೆ. "ಅಪ್ಪಂಗೂ ಇಷ್ಟೇ ಉರೀತಾ?" ಎಂದು ಕೇಳುತ್ತಿದ್ದಾಳೆ. ಉತ್ತರ ನೀವೇ ಬರೆಯಿರಿ. ಎಡಗೈಯಲ್ಲಿ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಅವಳು ಓದಿಕೊಳ್ಳುತ್ತಾಳೆ.