ಅಪ್ಪನ ಬಾಯಲ್ಲಿ ಉಳಿದ ಮಾತು

ಕ್ವಿಟೊ, ಸಾನ್ ಹುವಾನ್
ಜುಲೈ ೧೪, ಭಾನುವಾರ

ಪ್ರೀತಿಯ ತಮ್ಮ ಗಾಲೊ, ನನ್ನ ನ್ಯಾನ್ಯೊ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಗಾರೆ ಕೆಲಸದವನಿಗೆ ಬೆನ್ನೇ ಬಂಡವಾಳ, ಅದನ್ನು ಕಡೆಗಣಿಸಬೇಡ. ಅಲ್ಲಿ ಈಗ ಬಿಸಿಲು ಸುಡುತ್ತಿದೆಯಂತೆ. ಇಲ್ಲಿ ಜುಲೈ ಗಾಳಿ ಎಂದಿನಂತೆ ಚಾವಣಿಯ ತಗಡು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿದೆ. ನನ್ನ ಆರೋಗ್ಯ ಕೇಳಬೇಡ. ಮೊಣಕಾಲು ಮಾತು ಕೇಳುವುದಿಲ್ಲ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಜೊತೆಗೆ ನೀನು ಮ್ಯಾಡ್ರಿಡ್ಡಿನವರ ಹಾಗೆ ‘ವಾಲೆ, ವಾಲೆ’ ಅನ್ನುತ್ತೀಯ, ‘ಆಯ್ತು ಬಿಡು’ ಅಂತ ತಲೆ ಸವರಿದ ಹಾಗೆ. ಅದಕ್ಕೇ ಈ ಕಾಗದ. ಎದುರುಮನೆಯ ನೋರ್ಮಾ ನಾಳೆ ಅಲ್ಲಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ.

ಅಪ್ಪನನ್ನು ಸಿಸ್ಟರುಗಳ ವೃದ್ಧಾಶ್ರಮಕ್ಕೆ ಸೇರಿಸು, ಅವರಿಗೆ ನಾವು ಯಾರೆಂದೇ ಗೊತ್ತಿಲ್ಲ, ನೀನಾದರೂ ಉಸಿರಾಡು ಅಂತ ನೀನು ಅಂದೆ. ನೀನು ಕರೆ ಮಾಡಿದಾಗಲೆಲ್ಲ ಅವರು ಗೋಡೆಯ ಕಡೆ ಮುಖ ತಿರುಗಿಸುವುದು ನಿಜ. ಲಕ್ವ ಹೊಡೆದ ಮೇಲೆ ಅವರ ಆ ಅಚ್ಚುಕಟ್ಟಾದ ಸ್ಪ್ಯಾನಿಷ್ ಒಂದೇ ಏಟಿಗೆ ಹೋಯಿತು. ಉಳಿದದ್ದು ನಾಲ್ಕು ಬೀದಿ ಮಾತು. ನೀರು ತಣ್ಣಗಿದ್ದರೆ ಅಚಾಚಾಯ್. ಆಲೂಗೆಡ್ಡೆ ಸಾರು ನಾಲಿಗೆ ಸುಟ್ಟರೆ ಅರ್ರಾರ್ರಾಯ್. ಔಷಧಿ ಕಂಡರೆ ಅತಾತಾಯ್, ಥೂ ಅಂದ ಹಾಗೆ. ರುಚಿ ಹತ್ತಿದರೆ ತಟ್ಟೆ ಮುಂದೆ ತಳ್ಳಿ ಯಾಪಾ, ಸಂತೆಯಲ್ಲಿ ಕೊಸರು ಕೇಳಿದ ಹಾಗೆ. ವ್ಯಾಯಾಮ ಮಾಡಿಸಲು ಬರುವ ಕ್ಯೂಬಾದ ಯಾಮಿಲೆಗೆ ಇದೊಂದೂ ತಿಳಿಯದು. ಸಾರು ಸುಟ್ಟು ಅರ್ರಾರ್ರಾಯ್ ಅಂದರೆ ಪಾಪ, ಭುಜ ನೋಯುತ್ತಿದೆ ಎಂದುಕೊಂಡು ಭುಜ ತಿಕ್ಕಿದಳು. ‘ತಾತನ್ನ ಗುವಾಗುವಾದಲ್ಲಿ ಆಸ್ಪತ್ರೆಗೇ ಕರ್ಕೊಂಡ್ ಬಂದ್ಬಿಡಿ’ ಅಂದಳು ಒಮ್ಮೆ. ಅವರ ಕಡೆ ಅದು ಬಸ್ಸಂತೆ. ನಮ್ಮಲ್ಲಿ ಹಾಲು ಕುಡಿಯುವ ಕೂಸು! ಈಚೆಗೆ ನಾನು ನಕ್ಕದ್ದು ಅದೊಂದು ಸಲವೇ ಇರಬೇಕು.

ಇದೇ ಮಾತುಗಳಿಗೆ, ಶಾಲೆಯ ಮಾಸ್ತರರಾಗಿದ್ದ ಅಪ್ಪ ನಮ್ಮ ಕಿವಿ ಹಿಂಡಿದ್ದು ನೆನಪಿದೆಯಾ? ನಾನು ನಿನ್ನನ್ನು ನ್ಯಾನ್ಯೊ ಅಂದರೂ ಬೈಗುಳ, ‘ತಮ್ಮ ಅನ್ನೋಕೆ ನಾಲಿಗೆ ನೋಯುತ್ತಾ?’ ಅಂತ. ಅಂಗಳದ ತೊಟ್ಟಿಯ ನೀರು ಮೈಮೇಲೆ ಬಿದ್ದು ನೀನು ಅಚಾಚಾಯ್ ಅಂತ ಕಿರುಚಿದರೆ, ‘ತುಂಬಾ ಚಳಿಯಾಗ್ತಿದೆ ಅನ್ನು. ಪೂರ್ತಿ ವಾಕ್ಯ ಹೇಳು!’ ಅನ್ನುತ್ತಿದ್ದರು. ಮೈ ಮರಗಟ್ಟುವಾಗ ಯಾವ ಮಗು ಪೂರ್ತಿ ವಾಕ್ಯ ಹೇಳುತ್ತದೆ? ನೀನು ಮ್ಯಾಡ್ರಿಡ್ಡಿಗೆ ಹೋದ ಹೊಸದರಲ್ಲಿ, ದಯವಿಟ್ಟು ಅನ್ನುವುದಕ್ಕೆ ನಮ್ಮೂರ ರೂಢಿಯಂತೆ ‘ಕೆಟ್ಟವರಾಗಬೇಡಿ, ಒಂದು ಬ್ರೆಡ್ ಕೊಡಿ’ ಅಂದೆಯಂತೆ. ಅಂಗಡಿಯವನು ‘ನಾನೇನಪ್ಪಾ ಕೆಟ್ಟದ್ದು ಮಾಡ್ದೆ?’ ಅಂತ ನಕ್ಕನಂತೆ. ಆಗಲೇ ನೀನು ನಮ್ಮ ಈ ಮಾತುಗಳೆಲ್ಲ ಎಲ್ಲಿಂದ ಬಂದವು ಎಂದು ಅಪ್ಪನನ್ನು ಕೇಳಿದ್ದೆ. ‘ಅದು ಭಾಷೆ ಅಲ್ಲ, ಬಾಯಿ ಕೊಳಕು’ ಅಂದು ಫೋನನ್ನು ನನ್ನ ಕೈಗೆ ಕೊಟ್ಟಿದ್ದರು.

ಗುರುವಾರ ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋದೆ. ಸೇರಿಸಿ ಬಂದುಬಿಡುವ ಮನಸ್ಸಿತ್ತು, ಸುಳ್ಳೇಕೆ ಹೇಳಲಿ. ಅಂಗಳದ ಬೆಂಚಿನ ಮೇಲೆ ಒಬ್ಬ ಅಜ್ಜಿ ಅವರೆಯಂಥ ಕಾಳು ಸುಲಿಯುತ್ತ ಕೂತಿದ್ದಳು. ಪೆತ್ರೋನಾ ಅಂತ, ಒಟವಾಲೊ ಕಡೆಯವಳು, ಕೊರಳ ತುಂಬ ಚಿನ್ನದ ಬಣ್ಣದ ಮಣಿಸರ. ಗಾಳಿ ಬೀಸಿತು, ಅಪ್ಪ ಅಚಾಚಾಯ್ ಅಂದರು. ಅಜ್ಜಿ ತಲೆಯೆತ್ತದೆ ಏನೋ ಹೇಳಿದಳು, ಸ್ಪ್ಯಾನಿಷ್ ಅಲ್ಲ, ಬೆಟ್ಟದವರ ಕಿಚ್ವಾ. ಅಪ್ಪ ಉತ್ತರ ಕೊಟ್ಟರು. ತೊದಲಿದರು, ಆದರೆ ನಿಲ್ಲಲಿಲ್ಲ. ಪೂರ್ತಿ ವಾಕ್ಯ, ಗಾಲೊ! ಒಂದಾದ ಮೇಲೊಂದು. ನಾನು ಕೈಚೀಲ ಹಿಡಿದುಕೊಂಡು ಪೆಚ್ಚಾಗಿ ನಿಂತೆ.

ತನ್ನ ತಾಯಿ ಕ್ವಿಟೊದ ದೊಡ್ಡ ಮನೆತನದವಳು, ತಾನು ಕೂಸಾಗಿದ್ದಾಗಲೇ ಸತ್ತಳು ಎಂದಲ್ಲವೇ ಅಪ್ಪ ನಮಗೆ ಹೇಳಿದ್ದು? ಪೆತ್ರೋನಾ ಅಜ್ಜಿ ನನಗೆ ಸ್ಪ್ಯಾನಿಷ್‌ನಲ್ಲಿ ಬಿಡಿಸಿ ಹೇಳಿದಳು: ‘ಇವ್ರಮ್ಮ ನಮ್ಮೂರ ಸಂತೇಲಿ ಕಾಳು ಮಾರ್ತಿದ್ದೋಳಂತೆ ಕಣವ್ವಾ. ಯಾಪಾ ಹಾಕೋದ್ರಲ್ಲಿ ಧಾರಾಳಿಯಂತೆ. ಇವ್ರೇ ಪಕ್ಕದಲ್ಲಿ ಕೂತು ಕೂಗ್ತಿದ್ರಂತೆ.’ ನೀನು ಕೇಳಿದ ಪ್ರಶ್ನೆಗೆ ಉತ್ತರ ಇದೇ ನೋಡು. ಊರಿಗೂರೇ ಆಡುವ ಆ ಕಿಚ್ವಾ ಮಾತುಗಳು ಅವರಿಗೆ ಹೆತ್ತವಳ ಬಾಯಿಂದ ಬಂದಿದ್ದವು. ಮೊದಲು ನನಗೆ ಸಿಟ್ಟು ಬಂತು. ನಮ್ಮ ಕಿವಿ ಕೆಂಪಾಗುವಂತೆ ಹಿಂಡಿದ ಕೈ ಅದು. ಆಮೇಲೆ ಅಯ್ಯೋ ಅನ್ನಿಸಿತು. ಆ ಕಾಲದಲ್ಲಿ ಮಾಸ್ತರಿಕೆ ಸಿಗಬೇಕಾದರೆ ಹೆತ್ತವಳನ್ನೇ ಬಾಯಿಂದ ಒರೆಸಿಕೊಳ್ಳಬೇಕಿತ್ತೋ ಏನೋ.

ಅಂದು ಸೇರಿಸಲು ಮನಸ್ಸು ಬರಲಿಲ್ಲ. ಮನೆಗೆ ಹೊರಡೋಣವೆಂದರೆ ಅಪ್ಪ ಏಳಲಿಲ್ಲ. ಬೆಂಚಿನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಬಲವಂತ ಮಾಡಿ ಎಬ್ಬಿಸಬೇಕಾಯಿತು. ನಾನು ಉಣಿಸಿ, ಒರೆಸಿ, ಹೊದೆಸಿದ ಮನೆಯಲ್ಲಿ ಅವರು ಇಷ್ಟು ದಿನ ಒಂಟಿಯಾಗಿದ್ದರು. ಇದರಿಂದ ನನಗೆ ನೋವಾಗಿದೆ, ಮುಚ್ಚಿಡುವುದಿಲ್ಲ. ಆದರೂ ನಾಳೆ ಅವರನ್ನು ಅಲ್ಲಿಗೆ ಸೇರಿಸುತ್ತೇನೆ, ನೀನು ಹೇಳಿದ ಕಾರಣಕ್ಕಲ್ಲ, ಅಲ್ಲಿ ಅವರ ಜೊತೆ ಮಾತಾಡುವವರಿದ್ದಾರೆ ಅಂತ. ಮಧ್ಯಾಹ್ನದ ಹೊತ್ತು ನಾನೂ ಹೋಗಿ ಕೂರುತ್ತೇನೆ. ಕಾಳು ಸುಲಿಯಲು ನನಗೂ ಬರುತ್ತದೆ.

ಮಾರಿಬೆಲ್‌ಗೆ ನನ್ನ ನೆನಪು ಹೇಳು, ಮಗಳ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ಮಾತೆ ಮೇರಿ ನಿಮ್ಮೆಲ್ಲರನ್ನೂ, ಮುಖ್ಯವಾಗಿ ನಿನ್ನ ಬೆನ್ನನ್ನು, ಕಾಯಲಿ.

ನಿನ್ನ ಅಕ್ಕ,
ಸೋಯ್ಲಾ

ತಾ.ಕ.: ನೋರ್ಮಾ ಕಾಗದಕ್ಕೆಂದು ಈಗಲೇ ಬಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ನಿನಗೆ ರಜೆ ಸಿಗುವುದು ಕಷ್ಟವೆಂದು ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆ ದಿನ ಅಪ್ಪ ನನ್ನ ಕಡೆ ಕೈ ತೋರಿಸಿ ಅಜ್ಜಿಗೆ ‘ಉಶಿ’ ಅಂದರು. ಮಗಳು ಅಂತ ಅರ್ಥವಂತೆ. ಅವರು ನಮ್ಮನ್ನು ಮರೆತಿಲ್ಲ. ಲಕ್ವ ಹೊಡೆದಾಗಿನಿಂದ ಬಾಗಿಲ ಕಡೆ ನೋಡುತ್ತ ‘ಚುರಿ, ಚುರಿ’ ಅಂತ ಗೊಣಗುತ್ತಾರೆ. ಗಾಳಿಗೆ ಚಳಿಯಾಗಿ ಹೀಗನ್ನುತ್ತಾರೆ ಎಂದುಕೊಂಡು ನಾನು ಪ್ರತಿ ಸಲ ಎದ್ದು ಹೋಗಿ ಬಾಗಿಲು ಮುಚ್ಚುತ್ತಿದ್ದೆ. ಅದರ ಅರ್ಥವನ್ನೂ ಅಜ್ಜಿಯನ್ನು ಕೇಳಿದೆ. ಮಗ ಅಂತ. ಈಗ ಬಾಗಿಲು ತೆರೆದೇ ಇಟ್ಟಿದ್ದೇನೆ. ಕೆಟ್ಟವನಾಗಬೇಡ ನ್ಯಾನ್ಯೊ, ಬಾ.